ಎತ್ತದಿದ್ದರೆ ಏರುವ ಚೆಂಡು

ಕನ್ನಡದ ಅಧ್ಯಾಪಕನೊಬ್ಬನು ಗಾಲ್ಫ್ ಆಟವನ್ನು ಕುರಿತು ಬರೆಯಹೊರಟರೆ ಓದುಗರು ಹುಬ್ಬೇರಿಸುವುದು ಸಹಜ. ಆ ಆಟ ಸಿರಿವಂತರದು, ಅದರ ಮಾತು ಇಂಗ್ಲಿಷಿನದು, ಅದರ ಮೈದಾನದ ಸುತ್ತ ಬೇಲಿ ಉಂಟು ಎಂದು ನಾವೆಲ್ಲ ನಂಬಿದ್ದೇವೆ. ಈ ಮೂರು ಮಾತುಗಳಲ್ಲಿಯೂ ನಿಜಾಂಶವಿಲ್ಲದೆ ಇಲ್ಲ. ಆದರೂ ಆ ಆಟದ ಒಂದು ಹೊಡೆತ ಕೆಲವು ವರ್ಷಗಳಿಂದ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದೆ. ಅದನ್ನು ಕಲಿಯುವುದು ಕಷ್ಟ. ಅದು ಏಕೆ ಕಷ್ಟವೆಂಬುದನ್ನು ತಿಳಿಯುವುದು ಅದಕ್ಕಿಂತ ಸ್ವಾರಸ್ಯದ ಸಂಗತಿ. ಆ ಹೊಡೆತಕ್ಕೆ ಬಳಸುವ ಕೋಲಿನ ಹೆಸರು ಫೇರ್‌ವೇ ವುಡ್.

ಮೊದಲು ಹೆಸರಿನ ವಿಚಾರ. ಅಧ್ಯಾಪಕನ ಚಾಳಿ ಎಂದು ಓದುಗರು ಸಹಿಸಬೇಕು. ವುಡ್ ಎಂದರೆ ಮರ. ಆದರೆ ಇಂದಿನ ವುಡ್‌ಗಳಲ್ಲಿ ಹುಡುಕಿದರೂ ಮರದ ಚೂರು ಸಿಕ್ಕದು. ಹಿಂದೆ ಈ ಕೋಲುಗಳ ತಲೆಯನ್ನು ಪರ್ಸಿಮನ್ ಎಂಬ ಗಟ್ಟಿ ಮರದಲ್ಲಿ ಮಾಡುತ್ತಿದ್ದರು. ಅಮೆರಿಕದ ಆ ಮರ ನಮ್ಮ ಕಾಡುಗಳಲ್ಲಿ ಬೀಡಿಗೆ ಎಲೆ ಕೊಡುವ ತೂಬರೆ ಮರದ ದಾಯಾದಿ. ಎರಡೂ ಕರಿಮರದ ಕುಲಕ್ಕೆ ಸೇರಿದವು. ೧೯೭೯ರಲ್ಲಿ ಗ್ಯಾರಿ ಆಡಮ್ಸ್ ಎಂಬ ಅಮೆರಿಕನ್ನನು ಟೇಲರ್‌ಮೇಡ್ ಎಂಬ ಸಂಸ್ಥೆಯನ್ನು ಹೂಡಿ, ಉಕ್ಕಿನ ಟೊಳ್ಳು ತಲೆಯುಳ್ಳ ವುಡ್‌ಗಳನ್ನು ಮಾರಾಟಕ್ಕೆ ತಂದನು. ಕ್ರಮೇಣ ಮರದ ತಲೆಗಳು ಮೂಲೆ ಸೇರಿದವು. ಹೆಸರು ಮಾತ್ರ ನಿಂತಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಎಳ್ಳಿನ ನೆಯ್ ಎಂಬುದರಿಂದ ಹುಟ್ಟಿದ ಎಣ್ಣೆ ಎಂಬ ಮಾತನ್ನು ನಾವು ತೆಂಗಿನದಕ್ಕೂ ಹೇಳುತ್ತೇವೆ, ಹರಳಿನದಕ್ಕೂ ಹೇಳುತ್ತೇವೆ, ಎಳ್ಳಿನ ಸೋಂಕೇ ಇಲ್ಲದ ಸೀಮೆಎಣ್ಣೆಗೂ ಹೇಳುತ್ತೇವೆ. ವಸ್ತು ಹೋದರೂ ಮಾತು ಹೋಗುವುದಿಲ್ಲ.

ಇನ್ನು ಆಟದ ವಿಚಾರ. ಪ್ರತಿಯೊಂದು ಗುಳಿಯ ಆಟವೂ ಟೀ ಎಂಬ ಕಟ್ಟೆಯಿಂದ ತೊಡಗುತ್ತದೆ. ಅಲ್ಲಿ ಆಟಗಾರನು ನೆಲದಲ್ಲಿ ಒಂದು ಸಣ್ಣ ಗೂಟವನ್ನು ನೆಟ್ಟು, ಅದರ ಮೇಲೆ ಚೆಂಡನ್ನು ಕೂರಿಸಿ, ಡ್ರೈವರ್ ಎಂಬ ಅತಿ ಉದ್ದದ ಕೋಲಿನಿಂದ ಹೊಡೆಯುತ್ತಾನೆ. ಆ ಮೊದಲ ಏಟಿಗೆ ಮಾತ್ರ ಗೂಟದ ಸೌಕರ್ಯ. ಆಮೇಲೆ ಚೆಂಡು ಎಲ್ಲಿ ಬಿದ್ದಿದೆಯೋ ಅಲ್ಲಿಂದಲೇ, ಹೇಗೆ ಬಿದ್ದಿದೆಯೋ ಹಾಗೆಯೇ ಹೊಡೆಯಬೇಕು. ಟೀಯಿಂದ ಗುಳಿಯಿರುವ ಗ್ರೀನಿನವರೆಗೆ ಹುಲ್ಲನ್ನು ಕತ್ತರಿಸಿ ಹದಗೊಳಿಸಿದ ಹಾದಿಗೆ ಫೇರ್‌ವೇ ಎಂದು ಹೆಸರು. ಚೆಂಡು ಆ ಹಾದಿಯಲ್ಲಿ ನಿಂತಿದೆ, ಗ್ರೀನು ಇನ್ನೂ ಇನ್ನೂರು ಗಜ ದೂರದಲ್ಲಿದೆ ಎಂದು ಇಟ್ಟುಕೊಳ್ಳೋಣ. ಆಗ ಚೀಲದಿಂದ ಹೊರಗೆ ಬರುವುದು ಈ ಕೋಲು.

ಇದರಲ್ಲಿ ಹಲವು ಬಗೆಗಳುಂಟು. ಮೂರನೆಯ ವುಡ್‌ನ ಮುಖ ಹಿಂದಕ್ಕೆ ಸುಮಾರು ೧೫ ಡಿಗ್ರಿ ವಾಲಿರುತ್ತದೆ; ಐದನೆಯದು ೧೮ರ ಸುಮಾರು; ಏಳನೆಯದು ೨೧ರ ಸುಮಾರು. ಈ ವಾಲಿಗೆ ಲಾಫ್ಟ್ ಎನ್ನುತ್ತಾರೆ. ಮೂರನೆಯದರ ಉದ್ದ ಸುಮಾರು ೪೩ ಅಂಗುಲ. ಉದ್ದ ಹೆಚ್ಚಾದಷ್ಟೂ ಬೀಸಿನ ವೇಗ ಹೆಚ್ಚು. ಜೊತೆಗೆ ಗುರಿ ತಪ್ಪುವ ಅವಕಾಶವೂ ಹೆಚ್ಚು. ವಾಲು ಕಡಿಮೆಯಾದಷ್ಟೂ ಚೆಂಡನ್ನು ಗಾಳಿಗೇರಿಸುವುದು ಕಠಿಣ.

ಇಲ್ಲಿಯೇ ಮನುಷ್ಯಸ್ವಭಾವ ಅಡ್ಡ ಬರುತ್ತದೆ. ಚೆಂಡು ನೆಲಕ್ಕಂಟಿ ಕುಳಿತಿದೆ, ಅದು ಆಕಾಶಕ್ಕೆ ಏರಬೇಕು. ಕೋಲಿನ ಮುಖವೋ ಹೆಚ್ಚುಕಡಿಮೆ ನೆಟ್ಟಗೆ ನಿಂತಂತೆ ಕಾಣುತ್ತದೆ. ಎತ್ತದೆ ಏರೀತೆ ಎಂದು ಕಣ್ಣು ಕೇಳುತ್ತದೆ, ಕೈ ಒಪ್ಪುತ್ತದೆ. ಚೆಂಡನ್ನು ಚಮಚದಲ್ಲಿ ತೋಡುವವನ ಹಾಗೆ ಆಟಗಾರನು ಮೈಯನ್ನು ಹಿಂದಕ್ಕೆ ವಾಲಿಸಿ, ಭಾರವನ್ನು ಬಲಗಾಲಿನ ಮೇಲೆಯೇ ಉಳಿಸಿಕೊಂಡು, ಮಣಿಕಟ್ಟನ್ನು ಮೇಲಕ್ಕೆ ಚಿಮ್ಮುತ್ತಾನೆ. ಪರಿಣಾಮ ಎರಡರಲ್ಲಿ ಒಂದು: ಕೋಲು ಚೆಂಡಿಗಿಂತ ಮೊದಲೇ ನೆಲಕ್ಕೆ ಬಡಿದು ತಡೆಯುತ್ತದೆ, ಇಲ್ಲವೆ ಮೇಲೇಳುತ್ತಿರುವ ಅದರ ಅಂಚು ಚೆಂಡಿನ ನೆತ್ತಿಗೆ ತಗಲಿ, ಚೆಂಡು ಹೆದರಿದ ಇಲಿಯಂತೆ ಹುಲ್ಲಿನಲ್ಲಿ ಓಡುತ್ತದೆ. ಎತ್ತಬೇಕೆಂಬ ಬಯಕೆಯೇ ಅದನ್ನು ಏರಗೊಡುವುದಿಲ್ಲ.

ನನಗೆ ಇದನ್ನು ಬಿಡಿಸಿ ಹೇಳಿದವರು ಮೈಸೂರಿನ ಒಬ್ಬ ಹಿರಿಯ ಕ್ಯಾಡಿ. ಕ್ಯಾಡಿ ಎಂದರೆ ಆಟಗಾರರ ಕೋಲುಗಳ ಚೀಲವನ್ನು ಹೊತ್ತು ಅವರೊಡನೆ ನಡೆಯುವವನು. ಅವರ ಮಗಳು ನನ್ನ ತರಗತಿಯಲ್ಲಿ ಓದುತ್ತಿದ್ದಳು, ಹಾಗೆ ಪರಿಚಯವಾಯಿತು. ಸದಸ್ಯರಾದ ಸ್ನೇಹಿತರೊಬ್ಬರ ಅತಿಥಿಯಾಗಿ ನಾನು ಬೆಳಗಿನ ಹೊತ್ತು ಅಭ್ಯಾಸದ ಅಂಗಳಕ್ಕೆ ಹೋದಾಗ ಅವರೇ ನನ್ನ ಗುರುಗಳಾದರು. ಅವರು ಹೇಳಿದ್ದು ಇಷ್ಟು: "ಮೇಷ್ಟ್ರೇ, ಚೆಂಡನ್ನ ಎತ್ತೋಕೆ ನೀವು ಹೋಗ್ಬೇಡಿ. ಎತ್ತೋದು ಕೋಲಿನ ಕೆಲಸ. ನಿಮ್ದು ಹುಲ್ಲು ಸವರೋ ಕೆಲಸ, ಅಷ್ಟೆ. ಅಂಗಳ ಗುಡಿಸೋರು ಪೊರಕೇನ ಮ್ಯಾಲಕ್ಕೆ ಎತ್ತುತಾರಾ?"

ಭೌತಶಾಸ್ತ್ರದ ಪುಸ್ತಕಗಳು ಹೇಳುವುದೂ ಇದನ್ನೇ. ಕೋಲಿನ ಮುಖ ಚೆಂಡಿಗೆ ತಗಲಿಕೊಂಡಿರುವ ಕಾಲ ಒಂದು ಸೆಕೆಂಡಿನ ಸುಮಾರು ಎರಡು ಸಾವಿರದ ಒಂದು ಪಾಲು. ಅಷ್ಟರಲ್ಲಿ ಮನುಷ್ಯನ ಮಣಿಕಟ್ಟು ಮಾಡಬಲ್ಲ ಉಪಕಾರ ಯಾವುದೂ ಇಲ್ಲ. ಆ ಕ್ಷಣಾರ್ಧದಲ್ಲಿ ಕೆಲಸ ಮಾಡುವುದು ಮುಖದ ವಾಲು. ಅದು ಚೆಂಡನ್ನು ಮುಂದಕ್ಕೆ ತಳ್ಳುವುದರ ಜೊತೆಗೆ ಹಿಮ್ಮುಖವಾಗಿ ತಿರುಗಿಸುತ್ತದೆ. ಚೆನ್ನಾಗಿ ತಗಲಿದ ಚೆಂಡು ನಿಮಿಷಕ್ಕೆ ಮೂರು ನಾಲ್ಕು ಸಾವಿರ ಸುತ್ತಿನ ವೇಗದಲ್ಲಿ ಹಿಂದಕ್ಕೆ ತಿರುಗುತ್ತ ಮುಂದಕ್ಕೆ ಹಾರುತ್ತದೆ. ಅದರ ಮೈಮೇಲಿನ ಗುಳಿಗಳು ಗಾಳಿಯನ್ನು ಹಿಡಿದು ಕೆಳಕ್ಕೆ ತಿರುಗಿಸುತ್ತವೆ. ಗಾಳಿ ಕೆಳಕ್ಕೆ ಹೋದಂತೆ ಚೆಂಡು ಮೇಲಕ್ಕೆ ಹೋಗುತ್ತದೆ. ಏರುವಿಕೆಯೆಲ್ಲವೂ ಹೀಗೆ ಕೋಲಿನಿಂದ ಮತ್ತು ಗಾಳಿಯಿಂದ ಬರತಕ್ಕದ್ದು. ವೃತ್ತಿಪರರ ಬೀಸನ್ನು ರೇಡಾರ್ ಯಂತ್ರಗಳಿಂದ ಅಳೆದು ನೋಡಿದ್ದಾರೆ. ಮೂರನೆಯ ವುಡ್ ಹಿಡಿದಾಗ ಅಮೆರಿಕದ ಪ್ರವಾಸಿ ಪಂದ್ಯಗಳ ಗಂಡಸರ ಕೋಲು ಸರಾಸರಿ ಎರಡು ಮೂರು ಡಿಗ್ರಿಯಷ್ಟು, ಹೆಂಗಸರ ಕೋಲು ಸುಮಾರು ಒಂದು ಡಿಗ್ರಿಯಷ್ಟು ಕೆಳಮುಖವಾಗಿಯೇ ಚೆಂಡನ್ನು ಮುಟ್ಟುತ್ತದೆ. ಮೇಲೇರುವ ಚೆಂಡಿಗೆ ಇಳಿಯುವ ಕೋಲು!

ಹಾಗೆಂದು ಕೊಡಲಿಯಿಂದ ಕಡಿದಂತೆ ಕೆಳಕ್ಕೆ ಬಡಿಯಬಾರದು. ಒಂದೆರಡು ಡಿಗ್ರಿ ಎಂದರೆ ನೆಲವನ್ನು ಸವರಿದಷ್ಟೇ. ಉಯ್ಯಾಲೆಯಾಡುವ ಮಗುವನ್ನು ನೆನೆಯಿರಿ. ಅದರ ಪಾದ ನೆಲಕ್ಕೆ ಸೋಕುವುದು ಹಗ್ಗ ಕಟ್ಟಿದ ಕೊಂಬೆಯ ನೇರ ಕೆಳಗೆ. ಕೊಂಬೆಯನ್ನು ಎರಡಡಿ ಹಿಂದಕ್ಕೆ ಸರಿಸಿದರೆ ಪಾದ ಸೋಕುವ ಜಾಗವೂ ಎರಡಡಿ ಹಿಂದಕ್ಕೆ ಸರಿಯುತ್ತದೆ. ಗಾಲ್ಫ್ ಆಡುವವನಿಗೆ ಅವನ ಮೈಯೇ ಕೊಂಬೆ, ತೋಳು ಮತ್ತು ಕೋಲುಗಳೇ ಹಗ್ಗ. ಭಾರ ಬಲಗಾಲಿನ ಮೇಲೆ ನಿಂತರೆ ಬೀಸಿನ ತಳ ಚೆಂಡಿನ ಹಿಂದೆ ಬೀಳುತ್ತದೆ. ಬೀಸು ಕೆಳಗಿಳಿಯುವಾಗ ಭಾರ ಎಡಗಾಲಿಗೆ ದಾಟಿದರೆ ಆ ತಳ ಚೆಂಡಿನ ಬುಡಕ್ಕೆ, ಇಲ್ಲವೆ ಕೂದಲೆಳೆಯಷ್ಟು ಮುಂದಕ್ಕೆ ಬರುತ್ತದೆ. ಬಲಗೈ ಆಟಗಾರರಿಗೆ ಹೇಳಿದ ಮಾತು ಇದು. ಎಡಚರು ತಿರುಗಿಸಿ ಓದಿಕೊಳ್ಳಬೇಕು.

ಆ ಹಿರಿಯರು ಕಲಿಸುವ ಕ್ರಮ ಬಹಳ ಸರಳವಾದದ್ದು. ಕಲಿಯುವವನ ಕೈಗೆ ಅವರು ಮೂರನೆಯ ವುಡ್ ಕೊಡುವುದಿಲ್ಲ. ಐದನೆಯದನ್ನೋ ಏಳನೆಯದನ್ನೋ ಕೊಡುತ್ತಾರೆ. ಮುಖದ ವಾಲು ಹೆಚ್ಚಿದ್ದರೆ ಕಣ್ಣಿಗೆ ಧೈರ್ಯ. ಎತ್ತಬೇಕೆಂಬ ಆತುರ ಅಷ್ಟಕ್ಕೆ ಕಡಿಮೆ. ಮೊದಲಿಗೆ ಚೆಂಡೂ ಇಲ್ಲ. ಹುಲ್ಲಿನ ಮೇಲೆ ಸುಣ್ಣದಿಂದ ಒಂದು ಗೆರೆ ಎಳೆದು, ಗೆರೆಯ ಮೇಲೆಯೋ ಅದರ ತುಸು ಮುಂದೆಯೋ ಕೋಲಿನ ಅಡಿ ಹುಲ್ಲನ್ನು ಸವರುವಂತೆ ಬೀಸಿಸುತ್ತಾರೆ. ಗೆರೆಯ ಹಿಂದೆ ಸವರಿದರೆ ಲೆಕ್ಕಕ್ಕಿಲ್ಲ. ಹತ್ತಕ್ಕೆ ಎಂಟು ಸರಿಯಾದ ಮೇಲೆ ಗೂಟದ ಮೇಲೆ ಚೆಂಡು; ಗೂಟ ದಿನದಿನಕ್ಕೆ ನೆಲದೊಳಕ್ಕೆ ಇಳಿಯುತ್ತ, ಒಂದು ದಿನ ಗೂಟವೇ ಇಲ್ಲವಾಗುತ್ತದೆ. ಚೆಂಡಿರಬೇಕಾದ ಸ್ಥಳ ಎಡ ಹಿಮ್ಮಡಿಯ ನೇರಕ್ಕಿಂತ ಒಂದೆರಡು ಚೆಂಡಿನಗಲ ಒಳಕ್ಕೆ. ಬಲಗಾಲಿನಲ್ಲಿ ಉಳಿದುಬಿಡುವ ಹಟಮಾರಿಗಳಿಗೆ ಇನ್ನೊಂದು ಉಪಾಯ: ಚೆಂಡಿನ ಹಿಂದೆ, ಒಂದು ಗೇಣಿಗಿಂತ ತುಸು ಹೆಚ್ಚು ದೂರದಲ್ಲಿ, ಮಡಿಸಿದ ಟವೆಲನ್ನು ಹಾಸುತ್ತಾರೆ. ಕೋಲು ಟವೆಲನ್ನು ಮುಟ್ಟದೆ ಚೆಂಡಿಗೆ ಬರಬೇಕು. ಮುಟ್ಟಿದರೆ ಬೇರೆ ವಿಮರ್ಶೆ ಬೇಕಿಲ್ಲ, ಟವೆಲೇ ಹೇಳುತ್ತದೆ.

ಕೊನೆಯದು ಬಲದ ವಿಚಾರ. ದೂರ ಹೆಚ್ಚಿದೆಯೆಂದು ಬಲವನ್ನೂ ಹೆಚ್ಚಿಸುವುದು ಎಲ್ಲರ ಅಭ್ಯಾಸ. ಅವರು ಹೇಳುವುದು ಮುಕ್ಕಾಲು ಬಲ. ಬೀಸು ಮುಗಿದಾಗ ಹೊಟ್ಟೆ ಗುರಿಯ ಕಡೆಗೆ ತಿರುಗಿರಬೇಕು, ಭಾರವೆಲ್ಲ ಎಡಗಾಲಿನ ಮೇಲಿರಬೇಕು, ಬಲಗಾಲಿನ ಹಿಮ್ಮಡಿ ಮೇಲೆದ್ದಿರಬೇಕು. ಆ ನಿಲುವಿನಲ್ಲಿ ಮೂರು ಎಣಿಸುವಷ್ಟು ಹೊತ್ತು ಅಲುಗಾಡದೆ ನಿಲ್ಲಬಲ್ಲವನು ಹದವಾಗಿ ಹೊಡೆದಿದ್ದಾನೆಂದು ತಿಳಿಯಬೇಕು. ತೂರಾಡಿದವನು ಬಲಕ್ಕೆ ಮರುಳಾಗಿದ್ದಾನೆ.

ಹೊಡೆಯುವ ವಿದ್ಯೆಯಷ್ಟೇ ದೊಡ್ಡದು ಕೋಲನ್ನು ಆರಿಸುವ ವಿವೇಕ. ಇದಕ್ಕೆ ಗಾಲ್ಫಿನ ಚರಿತ್ರೆಯಲ್ಲಿ ಪ್ರಸಿದ್ಧವಾದ ನಿದರ್ಶನವೊಂದಿದೆ. ಜೀನ್ ಸರಜೆನ್ ಎಂಬಾತನು ಇಟಲಿಯಿಂದ ಅಮೆರಿಕಕ್ಕೆ ಬಂದು ನೆಲೆಸಿದ ಬಡಗಿಯೊಬ್ಬನ ಮಗ. ಹುಟ್ಟುಹೆಸರು ಯುಜೇನಿಯೊ ಸರಚೇನಿ. ಎಳವೆಯಲ್ಲಿಯೇ ಕ್ಯಾಡಿಯಾಗಿ ದುಡಿದವನು, ಗಿಡ್ಡ ಆಳು. ೧೯೩೫ನೆಯ ಏಪ್ರಿಲ್ ೭ರಂದು ಜಾರ್ಜಿಯಾ ಪ್ರಾಂತದ ಆಗಸ್ಟಾದಲ್ಲಿ, ಇಂದು ಮಾಸ್ಟರ್ಸ್ ಎಂದು ಹೆಸರಾಗಿರುವ ಪಂದ್ಯದ ಕೊನೆಯ ಸುತ್ತು ನಡೆಯುತ್ತಿತ್ತು. ಕ್ರೇಗ್ ವುಡ್ ಎಂಬ ಆಟಗಾರನು ಆಗಲೇ ಆಟ ಮುಗಿಸಿ ಮುಂದಿದ್ದನು. ಅವನನ್ನು ಸರಿಗಟ್ಟಬೇಕಾದರೆ ಸರಜೆನ್ ಉಳಿದ ನಾಲ್ಕು ಗುಳಿಗಳಲ್ಲಿ ಮೂರು ಏಟುಗಳನ್ನು ಉಳಿಸಬೇಕಾಗಿತ್ತು. ಹದಿನೈದನೆಯ ಗುಳಿ ಐದು ಏಟಿನದು. ಅದರ ಗ್ರೀನಿನ ಮುಂದೆ ಕೊಳ. ಮೊದಲ ಏಟಿನ ನಂತರ ಅವನ ಚೆಂಡು ಗುಳಿಗೆ ೨೩೫ ಗಜ ದೂರದಲ್ಲಿ ನಿಂತಿತ್ತು.

ದೂರವನ್ನಷ್ಟೇ ನೋಡಿದ್ದರೆ ಅವನು ಮೂರನೆಯ ವುಡ್‌ಗೆ ಕೈ ಹಾಕಬೇಕಾಗಿತ್ತು. ಆದರೆ ಚೆಂಡು ಹುಲ್ಲಿನಲ್ಲಿ ಚೆನ್ನಾಗಿ ಕುಳಿತಿರಲಿಲ್ಲ. ಕಡಿಮೆ ವಾಲಿನ ಮುಖ ಅದರಡಿಗೆ ಹೋಗುವಂತಿರಲಿಲ್ಲ. ಅವನು ವಾಲು ಹೆಚ್ಚಿರುವ ನಾಲ್ಕನೆಯದನ್ನು ತೆಗೆದುಕೊಂಡನು. ಚೆಂಡು ಕೊಳವನ್ನು ದಾಟಿ, ಗ್ರೀನಿನ ಮೇಲೆ ಉರುಳಿ, ಗುಳಿಯೊಳಕ್ಕೆ ಬಿದ್ದಿತು. ಐದು ಏಟಿನ ಗುಳಿ ಎರಡು ಏಟಿಗೆ ಮುಗಿಯಿತು. ಮೂರು ಏಟುಗಳು ಒಂದೇ ಹೊಡೆತದಲ್ಲಿ ಉಳಿದವು. ಮರುದಿನ ಇಬ್ಬರ ನಡುವೆ ೩೬ ಗುಳಿಗಳ ನಿರ್ಣಾಯಕ ಆಟ ನಡೆದು ಸರಜೆನ್ ಐದು ಏಟುಗಳಿಂದ ಗೆದ್ದನು. ಚೆಂಡು ಗುಳಿಗೇ ಬಿದ್ದದ್ದು ಅದೃಷ್ಟವೆನ್ನೋಣ. ಗ್ರೀನಿನ ವರೆಗೆ ಹೋದದ್ದು ಅದೃಷ್ಟವಲ್ಲ. ದೂರದ ಆಸೆಗೆ ಒಳಗಾಗದೆ ಚೆಂಡು ಕುಳಿತ ರೀತಿಯನ್ನು ನೋಡಿ ಕೋಲನ್ನು ಆರಿಸಿದ್ದರ ಫಲ ಅದು.

ಅರುವತ್ತು ವರ್ಷಗಳ ಅನಂತರ, ೧೯೯೫ರಲ್ಲಿ, ಕೋರಿ ಪಾವಿನ್ ಎಂಬಾತನು ನ್ಯೂಯಾರ್ಕ್ ಪ್ರಾಂತದ ಶಿನಕಾಕ್ ಹಿಲ್ಸ್ ಮೈದಾನದಲ್ಲಿ ಅಮೆರಿಕದ ರಾಷ್ಟ್ರೀಯ ಪಂದ್ಯವಾದ ಯು.ಎಸ್. ಓಪನ್ ಗೆದ್ದನು. ವೃತ್ತಿಪರರ ನಡುವೆ ಅವನದು ಬಹಳ ಕಡಿಮೆ ದೂರದ ಏಟು. ಕೊನೆಯ ಗುಳಿಯಲ್ಲಿ ೨೨೮ ಗಜ ದೂರದಿಂದ ಅವನು ಹೊಡೆದದ್ದೂ ನಾಲ್ಕನೆಯ ವುಡ್. ಚೆಂಡು ಗುಳಿಯ ಪಕ್ಕದಲ್ಲಿ, ಐದಾರು ಅಡಿ ಅಂತರದಲ್ಲಿ ನಿಂತಿತು. ಅಂದು ಅವನ ಹಿಂದೆ ಉಳಿದವನು ದೂರ ಹೊಡೆಯುವುದರಲ್ಲಿ ಹೆಸರಾಂತ ಗ್ರೆಗ್ ನಾರ್ಮನ್.

ಇಷ್ಟನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ನನ್ನ ವಿದ್ಯಾರ್ಥಿನಿಯ, ಎಂದರೆ ಆ ಹಿರಿಯರ ಮಗಳ, ಮಾತನ್ನು ಮೇಲೆ ಎತ್ತಿದೆನಷ್ಟೆ. ಅನೇಕ ಮೈದಾನಗಳಲ್ಲಿ ವಾರಕ್ಕೊಂದು ಬೆಳಿಗ್ಗೆ ಕ್ಯಾಡಿಗಳಿಗೂ ಆಡಲು ಬಿಡುವ ಪದ್ಧತಿ ಉಂಟು. ತಂದೆಯ ಬೆನ್ನ ಹಿಂದೆ ಹೋಗಿ ಅವಳೂ ಆಟ ಕಲಿತಳು. ಯಾರೋ ಬಳಸಿ ಬಿಟ್ಟ ಐದನೆಯ ವುಡ್ ಅವಳ ಚೀಲದ ಐಶ್ವರ್ಯ. ಹುಡುಗಿ ಸಣ್ಣ ಮೈಯವಳು. ಬೇರೊಂದು ಊರಿನ ಆಯ್ಕೆಯ ಶಿಬಿರಕ್ಕೆ ಹೋದಾಗ, ಅಲ್ಲಿ ಆರಿಸುವ ಕೆಲಸದಲ್ಲಿದ್ದವರೊಬ್ಬರು ಅವಳ ಮೊದಲ ಏಟುಗಳ ದೂರವನ್ನು ಬರೆದುಕೊಂಡು, ಈ ಏಟಿಗೆ ಮುಂದಿನ ಮಟ್ಟದಲ್ಲಿ ಜಾಗವಿಲ್ಲ ಎಂದುಬಿಟ್ಟರು. ಎರಡನೆಯ ಏಟನ್ನು ನೋಡುವ ತಾಳ್ಮೆ ಅವರಿಗೆ ಇರಲಿಲ್ಲ. ಅವಳು ಚೀಲವನ್ನು ಅಟ್ಟಕ್ಕೆ ಹಾಕಿದಳು. ತಂದೆ ಬೈಯಲಿಲ್ಲ, ಬೇಡಿಕೊಳ್ಳಲಿಲ್ಲ. "ದೂರ ಹೋಗ್ದಿದ್ರೆ ಹೋಗ್ದೇ ಇರ್ಲಿ ಕಣವ್ವ. ಎರಡ್ನೇ ಏಟು ಐತಲ್ಲ," ಎಂದಷ್ಟೇ ಹೇಳಿದರಂತೆ. ಅವಳಿಗೆ ಅದು ತಂದೆಯ ಸಮಾಧಾನದ ಮಾತಾಗಿ ಕೇಳಿತು.

ಅದು ಬರಿಯ ಸಮಾಧಾನವಲ್ಲವೆಂದು ತೋರಿಸಿದ್ದು ೨೦೨೧ನೆಯ ಆಗಸ್ಟ್ ೭, ಶನಿವಾರ. ಕೊರೋನಾದಿಂದ ಒಂದು ವರ್ಷ ತಡವಾಗಿ ಜಪಾನಿನಲ್ಲಿ ನಡೆದ ಒಲಿಂಪಿಕ್ಸ್ ಅದು. ಗಾಲ್ಫಿನ ಗಂಧವಿಲ್ಲದ ಮನೆಗಳಲ್ಲಿಯೂ ಅಂದು ಬೆಳಗಿನ ಜಾವಕ್ಕೇ ಎದ್ದು ಗಾಲ್ಫ್ ನೋಡಿದರು. ಬೆಂಗಳೂರಿನ ಅದಿತಿ ಅಶೋಕ್, ವಯಸ್ಸು ೨೩, ಮೂರು ದಿನಗಳ ಆಟ ಮುಗಿದಾಗ ಎರಡನೆಯ ಸ್ಥಾನದಲ್ಲಿದ್ದಳು. ಅವಳ ಚೀಲವನ್ನು ಹೊತ್ತವರು ಅವಳ ತಾಯಿ. ಅದೇ ವರ್ಷ ಅವಳಿಗೂ ಕೊರೋನಾ ತಗಲಿ ಮೈಬಲ ಕುಗ್ಗಿತ್ತು. ಮೊದಲೇ ದೂರ ಹೊಡೆಯುವವರ ಸಾಲಿಗೆ ಸೇರಿದವಳಲ್ಲ. ಅಲ್ಲಿ ಇನ್ನೂ ಹಿಂದೆ. ಜೊತೆಯಲ್ಲಿ ಆಡುತ್ತಿದ್ದ ಅಮೆರಿಕದ ನೆಲ್ಲಿ ಕೋರ್ಡಾಳ ಚೆಂಡು ಎಷ್ಟೋ ಗಜ ಮುಂದೆ ಬೀಳುತ್ತಿತ್ತು. ಕೋರ್ಡಾ ಸಣ್ಣ ಕೋಲಿನಿಂದ ಗ್ರೀನಿಗೆ ಹೊಡೆಯುವಲ್ಲಿ ಅದಿತಿ ವುಡ್ ಇಲ್ಲವೆ ಅದರ ತಂಗಿಯಂತಿರುವ ಹೈಬ್ರಿಡ್ ಹಿಡಿಯಬೇಕಾಗುತ್ತಿತ್ತು. ಹಿಡಿದಳು, ಹೊಡೆದಳು, ಗ್ರೀನಿನ ಮೇಲೆ ತನ್ನ ಪಟ್ಟಿನ ಕೈಚಳಕದಿಂದ ಉಳಿದದ್ದನ್ನು ತುಂಬಿಕೊಂಡಳು. ನಾಲ್ಕು ದಿನಗಳಿಗೆ ಒಟ್ಟು ೨೬೯ ಏಟು. ಕೋರ್ಡಾಳದು ೨೬೭, ಜಪಾನಿನ ಮೋನೆ ಇನಾಮಿ, ನ್ಯೂಜಿಲೆಂಡಿನ ಲಿಡಿಯಾ ಕೋ ಇಬ್ಬರದೂ ೨೬೮. ಒಂದೇ ಒಂದು ಏಟಿನಿಂದ ಪದಕ ತಪ್ಪಿ ಅದಿತಿ ನಾಲ್ಕನೆಯವಳಾದಳು. ನಮ್ಮ ಪತ್ರಿಕೆಗಳು ತಪ್ಪಿದ ಪದಕಕ್ಕಾಗಿ ಮರುಗಿದವು. ದೂರದ ಲೆಕ್ಕದಲ್ಲಿ ಹಿಂದಿದ್ದವಳು ಜಗತ್ತಿನ ಅರುವತ್ತು ಮಂದಿ ಆಟಗಾರ್ತಿಯರಲ್ಲಿ ನಾಲ್ಕನೆಯವಳಾದಳೆಂಬುದು ನನಗೆ ಅದಕ್ಕಿಂತ ದೊಡ್ಡ ಸುದ್ದಿಯಾಗಿ ಕಂಡಿತು.

ನನ್ನ ವಿದ್ಯಾರ್ಥಿನಿಗೂ ಹಾಗೆಯೇ ಕಂಡಿರಬೇಕು. ಆ ವಾರವೇ ಚೀಲ ಅಟ್ಟದಿಂದ ಇಳಿಯಿತು. ಈಗ ಅವಳು ಕೆಲಸಕ್ಕೆ ಸೇರಿದ್ದಾಳೆ, ಬಿಡುವಾದಾಗಲೆಲ್ಲ ಆಡುತ್ತಾಳೆ. ದೊಡ್ಡ ಪ್ರಶಸ್ತಿ ಯಾವುದನ್ನೂ ಗೆದ್ದಿಲ್ಲ. ಗೆಲ್ಲುವಳೆಂದು ಬರೆಯಲು ನಾನು ಜ್ಯೋತಿಷಿಯಲ್ಲ. ಆದರೆ ಗ್ರೀನಿಗೆ ೧೭೦ ಗಜ ಉಳಿದಾಗ ಅವಳು ಐದನೆಯ ವುಡ್ ಹಿಡಿದು ಹುಲ್ಲನ್ನು ಸವರುವ ಸದ್ದನ್ನು ಕೇಳಿದ್ದೇನೆ. ತಡಬಡವಿಲ್ಲದ, ಕುಡುಗೋಲು ಹಸಿಹುಲ್ಲನ್ನು ಕೊಯ್ದಂಥ ಸದ್ದು ಅದು. ಅದನ್ನು ಕೇಳಿದ ಮೇಲೆ ಚೆಂಡು ಎಲ್ಲಿ ಬಿತ್ತೆಂದು ನೋಡುವ ಅಗತ್ಯವಿರುವುದಿಲ್ಲ.

ಆಟದ ಮೈದಾನಗಳಲ್ಲಿ ಚೀಲ ಹೊರುವವರ ಮನೆಗಳಿಂದ ಬಂದ ಆಟಗಾರರು ನಮ್ಮಲ್ಲಿ ಇಲ್ಲದೆ ಇಲ್ಲ. ೨೦೦೯ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಮೊದಲು ಕ್ಯಾಡಿಯಾಗಿದ್ದವರು. ಒಳ್ಳೆಯ ಆಹಾರ, ಹೊಸ ಕೋಲುಗಳು, ದಿನವೂ ಅಭ್ಯಾಸಕ್ಕೆ ಹುಲ್ಲುಹಾಸು, ಇವೆಲ್ಲ ಇದ್ದವರ ಮೈಗೆ ದೂರದ ಏಟು ಬೇಗ ಒಲಿಯುತ್ತದೆ. ಇಲ್ಲದವರನ್ನು ಮೊದಲ ಏಟಿನಿಂದಲೇ ಅಳೆದು ಕಳಿಸಿಬಿಟ್ಟರೆ, ಎರಡನೆಯ ಏಟಿನಲ್ಲಿ ಹಿಂದಿನದನ್ನು ತುಂಬಿಕೊಳ್ಳಬಲ್ಲವರನ್ನು ನಾವು ನೋಡುವುದೇ ಇಲ್ಲ. ಆರಿಸುವವರು ಫೇರ್‌ವೇಯಲ್ಲಿಯೂ ಸ್ವಲ್ಪ ಹೊತ್ತು ನಿಲ್ಲಬೇಕು.

ಆಡುವವರಿಗೆ ಹೇಳಬೇಕಾದದ್ದು ಇನ್ನೊಂದೇ ಮಾತು. ಚೆಂಡು ಹುಲ್ಲಿನಲ್ಲಿ ಹೂತಿದ್ದರೆ ವುಡ್ ಹಿಡಿಯಬೇಡಿ. ಹೆಚ್ಚು ವಾಲಿನ ಸಣ್ಣ ಕೋಲಿನಿಂದ ಅದನ್ನು ಹಾದಿಗೆ ತಂದುಕೊಳ್ಳಿ. ಹುಲ್ಲಿನ ಮೇಲೆ ಚೆನ್ನಾಗಿ ಕುಳಿತಿದ್ದರೆ ಹಿಂಜರಿಯಬೇಡಿ. ದೂರವನ್ನು ಒಮ್ಮೆ ನೋಡಿ, ಆಮೇಲೆ ಅದನ್ನು ಮರೆತು, ಚೆಂಡಿನ ಮುಂದಿನ ಒಂದೆರಡು ಹುಲ್ಲಿನೆಸಳುಗಳನ್ನು ನೋಡಿರಿ. ಭಾರ ಎಡಗಾಲಿಗೆ ದಾಟಲಿ, ಕೋಲು ಆ ಎಸಳುಗಳನ್ನು ಸವರಿ ಹೋಗಲಿ. ನಡುವೆ ಚೆಂಡೊಂದಿದೆ; ಅದರ ಏರಿಕೆಯ ಚಿಂತೆ ನಿಮಗೆ ಬೇಡ.